ಬಿಚ್ಚದ ಡಬ್ಬದ ವ್ಯಾಪಾರ

ಕಡ್ಲೆಕಾಯಿ ಹಿಡಿದಿಟ್ಟು ರೇಟು ಏರಿದ ಮೇಲೆ ಮಾರೋದು ನಮ್ಮ ಮಡಕಶಿರಾ ಸೀಮೆಗೆ ಹೊಸದಲ್ಲ. ಮಕ್ಕಳ ಆಟಿಕೆಯನ್ನೂ ಹಾಗೆ ಹಿಡಿದಿಡುವ ದೊಡ್ಡವರಿದ್ದಾರೆ. ಡೆನ್ಮಾರ್ಕ್ ದೇಶದ ಬಡಗಿಯೊಬ್ಬ 1932ರಲ್ಲಿ ಕಟ್ಟಿದ ಲೆಗೊ ಕಂಪನಿಯ ಪ್ಲಾಸ್ಟಿಕ್ ಇಟ್ಟಿಗೆಗಳ ಮಾತು ಇದು. 1958ರ ಇಟ್ಟಿಗೆ ಇವತ್ತಿನದಕ್ಕೂ ಕಚ್ಚಿಕೊಳ್ಳುತ್ತದೆ. ಹುಳ ಬೀಳಲ್ಲ, ಬೂಷ್ಟು ಹಿಡಿಯಲ್ಲ, ತೂಕ ಇಳಿಯಲ್ಲ. ನಮ್ಮ ಕಾಯಿಗೆ ಆ ಭಾಗ್ಯವೆಲ್ಲಿ!

ಕಂಪನಿ ಒಂದು ಸೆಟ್ಟನ್ನು ಕೆಲವು ವರ್ಷ ಮಾಡಿ ನಿಲ್ಲಿಸುತ್ತದೆ. ಆಮೇಲೆ ಬೇಕಾದವರು ಹಿಡಿದಿಟ್ಟವನ ಮನೆಬಾಗಿಲಿಗೇ ಹೋಗಬೇಕು. 2008ರಲ್ಲಿ ತಾಜ್‌ಮಹಲ್ ಸೆಟ್ ಬಂತು: 5,922 ತುಣುಕು, ಅಮೆರಿಕದಲ್ಲಿ ಸುಮಾರು 300 ಡಾಲರ್. ನಿಂತ ಮೇಲೆ ಸಾವಿರಾರು ಡಾಲರಿಗೆ ಏರಿತು, ಕೊಂಡಿಟ್ಟವರು ಮೀಸೆ ತಿರುವಿದರು. 2017ರಲ್ಲಿ ಕಂಪನಿ ಅದನ್ನೇ ಮತ್ತೆ 370 ಡಾಲರಿಗೆ ಬಿಟ್ಟಿತು. ಹೆಚ್ಚಿಗೆ ಇದ್ದದ್ದು ಒಂದೇ ತುಣುಕು. ಹಳೆಯದರ ರೇಟು ಕುಸಿಯಿತು. ಹೊಸ ಕಾಯಿ ಮಂಡಿಗೆ ಬಂದಾಗ ದಾಸ್ತಾನುಗಾರನ ಮುಖ ಹೇಗಾಗುತ್ತೆ, ನಿಮಗೇ ಗೊತ್ತು. ನಾವಾದರೂ ಮೋಡ ನೋಡಿ ಫಸಲು ಅಂದಾಜು ಮಾಡ್ತೀವಿ. ಅಲ್ಲಿ ಬಿತ್ತುವವನು ಒಬ್ಬನೇ, ಅವನ ಮನಸ್ಸು ಯಾರಿಗೂ ಕಾಣದು.

ಡಬ್ಬದ ಸೀಲು ಒಡೆದರೆ ಬೆಲೆ ಇಳಿಯಿತು, ಮೂಲೆ ಜಜ್ಜಿದರೂ ಇಳಿಯಿತು. ತಾಜ್‌ಮಹಲ್ ಕೊಂಡವನು ಅದನ್ನು ಕಟ್ಟಿ ನೋಡದೆಯೇ ಮಾರಬೇಕು. ಲೆಗೊ ಎಂಬ ಹೆಸರು ಬಂದದ್ದೋ, ಡೇನಿಷ್ ಭಾಷೆಯ 'ಚೆನ್ನಾಗಿ ಆಡು' ಅನ್ನೋ ಮಾತಿನಿಂದ; ನಮ್ಮ ತೆಲುಗಿನಲ್ಲಿ 'ಬಾಗಾ ಆಡುಕೋ'.

ಬೆಂಗಳೂರಲ್ಲಿರುವ ನನ್ನ ಸೋದರಳಿಯನೂ ಎರಡು ಡಬ್ಬ ಬೀರುವಿನ ಮೇಲಿಟ್ಟಿದ್ದಾನೆ. ಮಗಳು ಕೈಚಾಚಿದರೆ "ಮುಟ್ಟಬೇಡಮ್ಮ, ರೇಟು ಬರಲಿ" ಅಂತಾನೆ. "ಒಂದರಲ್ಲಿ ವ್ಯಾಪಾರ ಮಾಡು ಅಳಿಯಾ, ಇನ್ನೊಂದು ಕೂಸಿಗೆ ಬಿಚ್ಚಿಕೊಡು" ಅಂದೆ. ಅವನಿನ್ನೂ ಲೆಕ್ಕ ಹಾಕ್ತಾ ಇದ್ದಾನೆ.