ನಿಮಗಿದು ಗೊತ್ತೆ? ಕರೆಂಟ್ ಹೋದರೂ ನಿಲ್ಲದ ಎಂಜಿನ್
ಆಕಾಶದಲ್ಲಿರುವ ಪುಟ್ಟ ವಿಮಾನದಲ್ಲಿ ಕರೆಂಟ್ ಕೈಕೊಟ್ಟರೆ ಎಂಜಿನ್ ನಿಲ್ಲುತ್ತದೆಯೇ? ಸೆಸ್ನಾ 172ರಂಥ ವಿಮಾನಗಳಲ್ಲಿ ನಿಲ್ಲುವುದಿಲ್ಲ. ಇಂಧನಕ್ಕೆ ಕಿಡಿ ಹಚ್ಚುವ ಎರಡು ಮ್ಯಾಗ್ನೆಟೊಗಳು ಎಂಜಿನ್ ತಿರುಗುವಾಗ ತಾವೇ ವಿದ್ಯುತ್ ಹುಟ್ಟಿಸಿಕೊಳ್ಳುತ್ತವೆ. ಬ್ಯಾಟರಿಯ ಹಂಗು ಅವಕ್ಕಿಲ್ಲ.

ರೇಡಿಯೊ, ದೀಪ, ನಿಧಾನವಾಗಿ ಇಳಿಯಲು ನೆರವಾಗುವ ರೆಕ್ಕೆಯಂಚಿನ ಫ್ಲ್ಯಾಪ್‌ಗಳ ಕಥೆ ಬೇರೆ. ಅವನ್ನು ಸಾಕುವುದು ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್. ಅದನ್ನು ಹದ್ದುಬಸ್ತಿನಲ್ಲಿಡುವುದು ವೋಲ್ಟೇಜ್ ರೆಗ್ಯುಲೇಟರ್ ಎಂಬ ಪುಟ್ಟ ಡಬ್ಬಿ. 24 ವೋಲ್ಟ್ ಬ್ಯಾಟರಿಯ ವಿಮಾನದಲ್ಲಿ ಅದು ವೋಲ್ಟೇಜನ್ನು 28ರ ಆಸುಪಾಸಿನಲ್ಲಿ ಹಿಡಿದಿಡಬೇಕು. ಅದು ಕೆಟ್ಟು ವೋಲ್ಟೇಜ್ ಏರಿದರೆ ಬ್ಯಾಟರಿ ಕುದಿದೀತು, ಉಪಕರಣಗಳು ಸುಟ್ಟಾವು. ಆದ್ದರಿಂದ 31 ದಾಟಿ ಏರುತ್ತಿದ್ದಂತೆ ರಕ್ಷಣಾ ಸರ್ಕ್ಯೂಟ್ ಆಲ್ಟರ್ನೇಟರನ್ನೇ ಬಂದ್ ಮಾಡಿಬಿಡುತ್ತದೆ. ಎಚ್ಚರಿಕೆಯ ದೀಪ ಹೊತ್ತುತ್ತದೆ.

ಆಗ ಪೈಲಟ್ ಮಾಡುವ ಮೊದಲ ಕೆಲಸ? ಆಲ್ಟರ್ನೇಟರಿನ ಸ್ವಿಚ್ ಆರಿಸಿ ಮತ್ತೆ ಹಾಕುವುದು. ಥೇಟ್ ನಮ್ಮ ಮನೆಯ ಟಿವಿ ಮುನಿಸಿಕೊಂಡಾಗ ನಾವು ಮಾಡುವ ಹಾಗೆ! ದೀಪ ಮತ್ತೆ ಹೊತ್ತಿದರೆ ಹಟ ಮಾಡುವಂತಿಲ್ಲ. ಆಲ್ಟರ್ನೇಟರ್ ಆರಿಸಿ, ಬೇಡದ್ದನ್ನೆಲ್ಲ ನಿಲ್ಲಿಸಿ, ಹತ್ತಿರದ ನಿಲ್ದಾಣ ಹುಡುಕಬೇಕು. ಬ್ಯಾಟರಿ ಚೆನ್ನಾಗಿದ್ದರೆ ಅರ್ಧ ಗಂಟೆಯಷ್ಟು ಬಂದೀತು. ಹಳೆಯದಾದರೆ ಅದೂ ಅನುಮಾನ. ನಿಜವಾದ ಅಪಾಯವಿರುವುದು ದೀಪವನ್ನು ಗಮನಿಸದಿದ್ದಾಗ. ರೇಡಿಯೊ ಕ್ಷೀಣಿಸಿದ ಮೇಲೆ ಎಚ್ಚೆತ್ತರೆ ಬ್ಯಾಟರಿ ಆಗಲೇ ಬರಿದಾಗಿರುತ್ತದೆ.

ರೇಡಿಯೊ ಪೂರ್ತಿ ಸತ್ತರೆ? ಕಂಟ್ರೋಲ್ ಟವರ್‌ನವರು ಬೆಳಕಿನ ಗನ್ ಹಿಡಿಯುತ್ತಾರೆ. ಹಾರುತ್ತಿರುವ ವಿಮಾನಕ್ಕೆ ಸ್ಥಿರ ಹಸಿರು ಕಂಡರೆ ‘ಇಳಿ’. ಸ್ಥಿರ ಕೆಂಪಾದರೆ ‘ಬೇರೆಯವರಿಗೆ ದಾರಿ ಬಿಡು, ಸುತ್ತುತ್ತಿರು’. ಸೆಸ್ನಾದ ಫ್ಲ್ಯಾಪ್‌ಗಳಿಗೂ ವಿದ್ಯುತ್ತೇ ಬೇಕಾದ್ದರಿಂದ, ಅವಿಲ್ಲದೆ ತುಸು ವೇಗವಾಗಿಯೇ ಇಳಿಯಬೇಕು, ರನ್‌ವೇಯೂ ಉದ್ದ ಬೇಕು.