ಮೊಬೈಲು ಮತ್ತು ಮನೆಯ ಮಕ್ಕಳ ಕನ್ನಡ ಓದು

ಜಯನಗರ, ಜೆ.ಪಿ. ನಗರ, ಬನಶಂಕರಿ ಮುಂತಾದ ಬೆಂಗಳೂರಿನ ದಕ್ಷಿಣ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳಲ್ಲಿ ಇಂದು ಒಂದು ವಿಚಿತ್ರ ಸ್ಥಿತಿ ಕಾಣುತ್ತಿದೆ. ಮಕ್ಕಳು ಅಜ್ಜ ಅಜ್ಜಿಯರೊಡನೆ ಸರಾಗವಾಗಿ ಕನ್ನಡದಲ್ಲಿ ಮಾತನಾಡುತ್ತಾರೆ. ಪ್ರಾರ್ಥನೆಯ ವೇಳೆಗೆ ನಾಲ್ಕಾರು ವಚನಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಅದೇ ವಚನವನ್ನು ಅಚ್ಚಿನಲ್ಲಿ ಮುಂದಿಟ್ಟರೆ ಎರಡನೆಯ ಸಾಲಿಗೇ ತಡವರಿಸುತ್ತಾರೆ. ವಚನಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟು ಕಂಠಪಾಠ ಮಾಡಿಸುವ ತಾಯಂದಿರನ್ನೂ ನಾವು ಕಂಡಿದ್ದೇವೆ. ಅವರ ಶ್ರದ್ಧೆಯನ್ನು ನಾವು ಹಳಿಯಲಾರೆವು. ಆದರೆ ಮಾತು ಉಳಿದು ಓದು ಅಳಿದರೆ, ಮುಂದಿನ ತಲೆಮಾರಿಗೆ ವಚನ ಸಾಹಿತ್ಯವು ಕಿವಿಯಲ್ಲಿ ಉಳಿದ ಹಾಡಾದೀತೇ ಹೊರತು, ತಾನೇ ತೆರೆದು ವಿಚಾರ ಮಾಡಬಲ್ಲ ಗ್ರಂಥವಾಗಲಾರದು.

ಇದಕ್ಕೆ ಶಾಲೆಗಳನ್ನು ಮಾತ್ರ ದೂರಿ ಫಲವಿಲ್ಲ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದ ಮೇರೆಗೆ, 2017-18ರ ಶೈಕ್ಷಣಿಕ ವರ್ಷದಿಂದ ಹಂತಹಂತವಾಗಿ, ರಾಜ್ಯದ ಶಾಲೆಗಳಲ್ಲಿ ಕನ್ನಡವು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯವಾಯಿತು. ಪಾಠವೇನೋ ನಡೆಯುತ್ತದೆ. ಆದರೆ ವಾರದ ಕೆಲವೇ ಅವಧಿಗಳಲ್ಲಿ, ತುಂಬಿದ ತರಗತಿಯ ನಡುವೆ, ಒಂದು ಮಗುವಿಗೆ ಎದ್ದು ನಿಂತು ಗಟ್ಟಿಯಾಗಿ ಓದುವ ಸರದಿ ಬರುವುದು ಎಷ್ಟು ಸಲ? ಉಳಿದ ಹೊಣೆ ಮನೆಯದು. ಆ ಮನೆಯಲ್ಲಿ ಮಗುವಿನ ಕೈಗೆ ಎಟಕುವಂತೆ ಇರುವುದು ಪುಸ್ತಕವಲ್ಲ, ಮೊಬೈಲು.

ಮೊಬೈಲಿನ ಗೀಳನ್ನು ಬಿಡಿಸುವುದು ಹೇಗೆಂದು ನಮ್ಮನ್ನು ಕೇಳುವ ತಂದೆತಾಯಿಗಳು ಬಹಳ. ಅದರಿಂದಲೇ ಓದು ಕಲಿಸಬಹುದೇ ಎಂದು ಕೇಳುವವರು ವಿರಳ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಲೆಕ್ಕವನ್ನು ಇಲ್ಲಿ ಸ್ಮರಿಸಬೇಕು. 2022ರಲ್ಲಿ ದೇಶದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 20.5 ಮಾತ್ರ, 2024ಕ್ಕೆ ಅದು ಶೇಕಡಾ 27.1ಕ್ಕೆ ಏರಿತು. ಅದೇ 2024ರ ಸಮೀಕ್ಷೆಯಂತೆ 14ರಿಂದ 16 ವಯಸ್ಸಿನವರಲ್ಲಿ ಶೇಕಡಾ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಕಲಿಕೆಗಾಗಿ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇಕಡಾ 76. ಇದು ಹಳ್ಳಿಗಳ ಲೆಕ್ಕ. ನಗರವನ್ನು ಈ ಸಮೀಕ್ಷೆ ಅಳೆಯುವುದಿಲ್ಲ. ಆದರೂ ಯಂತ್ರವು ಕೈಗೆ ಬಂದ ಮಾತ್ರಕ್ಕೆ ವಿದ್ಯೆ ಕೈಗೆ ಬರುವುದಿಲ್ಲವೆಂಬುದು ಈ ಅಂಕಿಗಳಿಂದ ಸ್ಪಷ್ಟ.

ಹಾಗೆಂದು ಯಂತ್ರವನ್ನು ದೂರವಿಡಬೇಕೆನ್ನುವವರಿಗೆ ನಾವು ಫ.ಗು. ಹಳಕಟ್ಟಿಯವರ ಕಾಯಕವನ್ನು ನೆನಪಿಸಬಯಸುತ್ತೇವೆ. ಮನೆ ಮಠಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಕಟ್ಟಿಟ್ಟು, ಪೂಜೆಗೊಳ್ಳುತ್ತಿದ್ದ, ಆದರೆ ಓದಿಗೆ ದೊರೆಯದಿದ್ದ ಓಲೆಗರಿಗಳನ್ನು ಆ ಮಹನೀಯರು ಊರೂರು ಅಲೆದು ಸಂಗ್ರಹಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ, ಇದ್ದ ಮನೆಯನ್ನು ಮಾರಿ, ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂದಿನ ಹೊಸ ಯಂತ್ರವಾದ ಮುದ್ರಣವನ್ನು ವಚನದ ಸೇವೆಗೆ ದುಡಿಸಿಕೊಂಡವರು ಅವರು. 1993ರಲ್ಲಿ ಸರ್ಕಾರವು ಹೊರತಂದ ಸಮಗ್ರ ವಚನ ಸಂಪುಟಗಳು ಆ ಕಾರ್ಯವನ್ನು ಮುಂದುವರಿಸಿದವು. ಇಂದು ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳು ಯಾರು ಬೇಕಾದರೂ ಹುಡುಕಿ ಓದುವಂತೆ, ಶುಲ್ಕವಿಲ್ಲದೆ ದೊರೆಯುತ್ತಿವೆ. ಅಟ್ಟದಿಂದ ಇಳಿದ ವಚನ ಅಂಗೈಗೆ ಬಂದಿದೆ. ಓದುವ ಕಣ್ಣನ್ನು ಸಿದ್ಧಗೊಳಿಸುವುದೊಂದೇ ಬಾಕಿ.

ಓದು ಬರುವುದು ಹೇಗೆ? ಮಠದ ಪಾಠಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಪುಸ್ತಕ ಒಬ್ಬೊಬ್ಬರಿಗೆ ಒಂದೊಂದು ಇರಲಿಲ್ಲ. ಹತ್ತು ಮಂದಿಯ ನಡುವೆ ಒಂದು ಪುಸ್ತಕ. ಒಬ್ಬನು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು, ಹಿರಿಯ ವಿದ್ಯಾರ್ಥಿ ಬೆರಳಿಟ್ಟು ತಿದ್ದಬೇಕು. ಮಹಾಪ್ರಾಣ ಜಾರಿದರೆ ಅಲ್ಲಿಯೇ ನಿಲ್ಲಿಸುತ್ತಿದ್ದರು. ನಮಗೆ ಓದು ಬಂದುದು ಪುಸ್ತಕದಿಂದ ಎಷ್ಟೋ, ಆ ಕೇಳುವ ಕಿವಿಯಿಂದಲೂ ಅಷ್ಟೇ. ಮೊಬೈಲಿನ ವಿಷಯದಲ್ಲಿ ನಾವು ಹೇಳಬೇಕಾದುದೂ ಇಷ್ಟೇ: ಅದು ಪುಸ್ತಕದ ಕೊರತೆಯನ್ನು ತುಂಬಬಲ್ಲದು, ಕಿವಿಯ ಕೊರತೆಯನ್ನು ತುಂಬಲಾರದು. ಮಗು ಓದುವುದನ್ನು ಕೇಳಿ ತಪ್ಪು ತೋರಿಸುವ ಆ್ಯಪ್‌ಗಳೂ ಬಂದಿವೆ. 2019ರ ಮಾರ್ಚ್‌ನಲ್ಲಿ ಗೂಗಲ್ ಸಂಸ್ಥೆಯು ‘ಬೋಲೋ’ ಎಂಬುದನ್ನು ಮೊದಲು ಹಿಂದಿ ಮತ್ತು ಇಂಗ್ಲಿಷ್ ಓದಿಗಾಗಿ ಹೊರತಂದಿತು. ಯಂತ್ರವು ಉಚ್ಚಾರವನ್ನು ಒಪ್ಪಬಹುದು. ಓದಿದ್ದು ಮಗುವಿಗೆ ಅರ್ಥವಾಯಿತೇ ಎಂಬುದನ್ನು ಅದರ ಮುಖ ನೋಡಿ ತಿಳಿಯಲು ಎದುರಿಗೆ ಒಬ್ಬರು ಕುಳಿತಿರಲೇಬೇಕು.

ಪುಸ್ತಕದ ಕೊರತೆಯನ್ನು ತುಂಬುವ ಸಾಧನಗಳಿಗೆ ಬರೋಣ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರ ಸೆಪ್ಟೆಂಬರ್ 8ರಂದು, ವಿಶ್ವ ಸಾಕ್ಷರತಾ ದಿನದಂದು, ‘ಸ್ಟೋರಿವೀವರ್’ ಎಂಬ ಕಥಾಭಂಡಾರವನ್ನು ತೆರೆಯಿತು. ಅದರಲ್ಲಿ ಕನ್ನಡದ ಸಚಿತ್ರ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಗೊಂಡು ಉಚಿತವಾಗಿ ದೊರೆಯುತ್ತವೆ. ಮೊದಲ ಮಟ್ಟದ ಕಥೆಯಲ್ಲಿ ಪುಟಕ್ಕೊಂದೆರಡು ಸಾಲು ಮಾತ್ರ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ದೀಕ್ಷಾ’ ಎಂಬುದು ಇನ್ನೊಂದು. ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚಾದ ಕ್ಯೂಆರ್ ಸಂಕೇತಕ್ಕೆ ಮೊಬೈಲನ್ನು ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. (ಆ ಹೆಸರನ್ನು ಮೊದಲು ಕೇಳಿದಾಗ ನಮಗೆ ನಗು ಬಂದಿತು. ನಮ್ಮ ಪರಂಪರೆಯಲ್ಲಿ ದೀಕ್ಷೆಯೆಂದರೆ ಹಸ್ತಮಸ್ತಕ ಸಂಯೋಗ. ಗುರುವಿನ ಕೈ ಶಿಷ್ಯನ ತಲೆಯ ಮೇಲೆ ಇರಲೇಬೇಕು.) ಈ ಕಾರ್ಯಕ್ಕೆ ಸಾವಿರಾರು ರೂಪಾಯಿ ತೆತ್ತು ಆ್ಯಪ್ ಕೊಳ್ಳುವ ಅಗತ್ಯವಿಲ್ಲ. ಬನ್ನೇರುಘಟ್ಟ ರಸ್ತೆಯಿಂದ ದೇಶಕ್ಕೆಲ್ಲ ಹಬ್ಬಿದ್ದ ಬೈಜೂಸ್ ಸಂಸ್ಥೆಯು 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದುದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದಾರೆ.

ಇವೆಲ್ಲಕ್ಕಿಂತ ನಮ್ಮ ಮನೆಗಳಿಗೆ ಸಮೀಪವಾದುದು ವಚನವೇ. ವಚನವು ಚಿಕ್ಕದು, ಬಹುಪಾಲು ವಚನಗಳು ಮೊಬೈಲಿನ ಒಂದೇ ಪರದೆಯಲ್ಲಿ, ಬೆರಳಿನಿಂದ ಸರಿಸುವ ಅಗತ್ಯವಿಲ್ಲದೆ, ಇಡಿಯಾಗಿ ನಿಲ್ಲುತ್ತವೆ. ಅದರ ಕೊನೆಯಲ್ಲಿ ಅಂಕಿತವಿರುತ್ತದೆ. ಮಗುವಿಗೆ ಓದು ಕಲಿಸಲು ಈ ಅಂಕಿತಗಳಿಂದ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಜೇಡರ ದಾಸಿಮಯ್ಯನವರ ‘ರಾಮನಾಥ’ದಲ್ಲಿ ಒತ್ತಕ್ಷರವೇ ಇಲ್ಲ, ನಾಲ್ಕು ಅಕ್ಷರ, ಎರಡು ದೀರ್ಘ, ಒಂದು ಮಹಾಪ್ರಾಣ. ಬಸವಣ್ಣನವರ ‘ಕೂಡಲಸಂಗಮದೇವ’ ಉದ್ದವಾದರೂ ಸರಳ; ಅಲ್ಲಿ ಮಗು ಅನುಸ್ವಾರವನ್ನು ಕಾಣುತ್ತದೆ. ಅಲ್ಲಮಪ್ರಭುಗಳ ‘ಗುಹೇಶ್ವರ’ದಲ್ಲಿ ಶಕಾರದ ಕೆಳಗೆ ವಕಾರದ ಒತ್ತು ಬಂದಿತು. ಅಕ್ಕನ ‘ಚೆನ್ನಮಲ್ಲಿಕಾರ್ಜುನ’ದಲ್ಲಿ ನಕಾರಕ್ಕೆ ನಕಾರದ ಒತ್ತು, ಲಕಾರಕ್ಕೆ ಲಕಾರದ ಒತ್ತು, ಅದರ ಮೇಲೆ ಅರ್ಕಾವತ್ತು. ಈ ನಾಲ್ಕು ಅಂಕಿತಗಳನ್ನು ಗುರುತಿಸಬಲ್ಲ ಮಗು ಕನ್ನಡ ಲಿಪಿಯ ಕಷ್ಟಗಳಲ್ಲಿ ಮುಖ್ಯವಾದವುಗಳನ್ನು ಎದುರಿಸಿದಂತಾಯಿತು. ಬಾಯಲ್ಲಿ ಆ ಶಬ್ದಗಳು ಮೊದಲೇ ಇವೆ. ಕಣ್ಣಿಗೆ ಅವುಗಳ ಗುರುತು ಹಿಡಿಸಬೇಕು, ಅಷ್ಟೆ.

ಬನಶಂಕರಿ ಎರಡನೆಯ ಹಂತದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಈ ಬಗೆಯಲ್ಲಿ ಮೊಮ್ಮಗಳಿಗೆ ಓದಿಸುವುದನ್ನು ನಾವು ನೋಡಿದೆವು. ಅಕ್ಷರವನ್ನು ಪರದೆಯ ಮೇಲೆ ದೊಡ್ಡದಾಗಿಸುತ್ತಾರೆ. ಮೊದಲು ವಚನದ ಕೊನೆಗೆ ಹೋಗಿ ಇದು ಯಾರದೆಂದು ಹುಡುಗಿ ಹೇಳಬೇಕು. ಬಳಿಕ ಮೊದಲ ಸಾಲಿನಿಂದ ಓದು. ಹುಡುಗಿ ಎಡವಿದರೆ ಅಜ್ಜಿ ಹೇಳಿಕೊಡುವುದಿಲ್ಲ; “ಕಾಗುಣಿತ ನೋಡವ್ವ” ಎನ್ನುತ್ತಾರೆ. ಓದು ಮುಗಿದ ಮೇಲೆ ಅದೇ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ದಾವಣಗೆರೆಯಲ್ಲಿರುವ ಅಜ್ಜನ ತಮ್ಮನಿಗೆ ಕಳುಹಿಸುತ್ತಾರೆ. ಅವರು ಮರುದಿನ ತಪ್ಪುಗಳನ್ನು ಎಣಿಸಿ ಮರುತ್ತರ ಕೊಡುತ್ತಾರಂತೆ. ಹುಡುಗಿಗೆ ಆ ಎಣಿಕೆ ಇಳಿಯುವುದೇ ಸಂಭ್ರಮ. ಎಲ್ಲವೂ ಸೇರಿ ಇಪ್ಪತ್ತು ನಿಮಿಷ. ‘ಎನ್ನ’ ಎಂದರೆ ‘ನನ್ನ’ ಎಂಬಂಥ ಹಳೆಯ ಮಾತುಗಳ ಅರ್ಥವನ್ನು ಹೇಳಲು ಯಾವ ನಿಘಂಟನ್ನೂ ಅಲ್ಲಿ ತೆರೆಯಬೇಕಾಗಲಿಲ್ಲ.

ಇಂಥ ಅಭ್ಯಾಸಕ್ಕೆ ಅಡ್ಡಿಯಾಗುವ ಸಂಗತಿಗಳೂ ಮೊಬೈಲಿನಲ್ಲಿಯೇ ಇವೆ. ಮೊದಲನೆಯದು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ರೂಢಿ. ‘ಹೇಗಿದ್ದೀರಿ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವ ಮಗುವಿಗೆ ದಕಾರದ ಒತ್ತಿನ ಪರಿಚಯವೇ ಆಗುವುದಿಲ್ಲ. ಮನೆಯವರು ತಮ್ಮ ಫೋನಿನಲ್ಲಿ ಕನ್ನಡದ ಕೀಲಿಮಣೆಯನ್ನು ಹಾಕಿಸಿಕೊಂಡು, ಮಕ್ಕಳಿಗೆ ಕನ್ನಡ ಲಿಪಿಯಲ್ಲಿಯೇ ಸಂದೇಶ ಕಳುಹಿಸತಕ್ಕದ್ದು. ಓದಲು ಬಾರದೆ ತೊಳಲಿದರೆ ತೊಳಲಲಿ. “ಊಟಕ್ಕೆ ಏನು ಬೇಕು” ಎಂಬ ಸಂದೇಶವನ್ನು ಯಾವ ಮಗುವೂ ಓದದೆ ಬಿಡುವುದಿಲ್ಲ.

ಎರಡನೆಯದು, ತಾನೇ ಓದಿ ಹೇಳುವ ಸೌಲಭ್ಯ. ಕಥೆಯನ್ನು ಯಂತ್ರವೇ ಓದುತ್ತಿದ್ದರೆ ಮಗು ಚಿತ್ರ ನೋಡುತ್ತ ಕುಳಿತಿರುತ್ತದೆ. ಅಕ್ಷರದ ಕಡೆಗೆ ಕಣ್ಣು ಹೊರಳುವುದಿಲ್ಲ. ಒಮ್ಮೆ ಕೇಳಿಸಿ, ಧ್ವನಿಯನ್ನು ಮುಚ್ಚಿ, ಮಗುವೇ ಓದುವಂತೆ ಮಾಡಬೇಕು. ಇನ್ನು, ಓದಿನ ನಡುವೆ ಟಿಣ್ ಎಂದು ಬಂದು ಬೀಳುವ ಸಂದೇಶಗಳು, ಜಾಹೀರಾತುಗಳು. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ಅದರಲ್ಲಿಯೇ ನಿಲ್ಲಿಸುವ ಅಭ್ಯಾಸ ನಮ್ಮದು. ಅದೇ ಅಂಗೈಯಲ್ಲಿ ಇಂದು ದೃಷ್ಟಿಯನ್ನು ಒಂದೆಡೆ ನಿಲ್ಲಗೊಡದ ವಸ್ತು ಬಂದು ಕುಳಿತಿದೆ. ಕಥೆಗಳನ್ನೂ ವಚನಗಳನ್ನೂ ಮೊದಲೇ ಇಳಿಸಿಟ್ಟುಕೊಂಡು, ಓದುವಾಗ ಇಂಟರ್‌ನೆಟ್ ಸಂಪರ್ಕವನ್ನು ಕಡಿದುಬಿಟ್ಟರೆ ಮೊಬೈಲು ಪುಸ್ತಕದಂತೆ ಸುಮ್ಮನಿರುತ್ತದೆ.

ಮನೆಯ ಹೊರಗೂ ಓದಿಗೆ ಅವಕಾಶವುಂಟು. 2024ರ ಕಾನೂನು ತಿದ್ದುಪಡಿಯಂತೆ ಅಂಗಡಿ ಕಚೇರಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು. ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಒಂದು ಸುತ್ತು ಬಂದರೆ ಕಾಗುಣಿತದ ಪಾಠ ಬೀದಿಯ ಎರಡೂ ಬದಿಗೆ ತೂಗುತ್ತಿದೆ. ಸಂಜೆ ತರಕಾರಿಗೆ ಹೊರಟಾಗ ಮಗುವಿನ ಕೈಗೆ ಮೊಬೈಲು ಕೊಟ್ಟು ಹತ್ತು ಫಲಕಗಳ ಚಿತ್ರ ತೆಗೆಯಲು ಹೇಳಿ. ಮನೆಗೆ ಬಂದು ಓದಿಸಿ. ಇಂಗ್ಲಿಷ್ ಶಬ್ದಗಳೇ ಕನ್ನಡ ಲಿಪಿಯಲ್ಲಿರುವುದರಿಂದ ಒತ್ತಕ್ಷರಗಳಿಗೆ ಬರವಿಲ್ಲ. ಫಲಕ ಬರೆದವರ ತಪ್ಪುಗಳನ್ನು ಮಕ್ಕಳೇ ಕಂಡುಹಿಡಿಯತೊಡಗಿದರೆ ಓದು ಹಿಡಿಸಿತೆಂದು ತಿಳಿಯಬಹುದು. ಅಂಥ ತಪ್ಪುಗಳಿಗೇನೂ ನಮ್ಮ ನಗರದಲ್ಲಿ ಕೊರತೆಯಿಲ್ಲ!

ಇದುವರೆಗೆ ಹೇಳಿದ್ದು ಮನೆಯಲ್ಲಿ ಎರಡು ಮೂರು ಫೋನುಗಳಿರುವವರ ಮಾತು. ಅದೇ ಬೀದಿಯ ಇನ್ನೊಂದು ಪಾಲನ್ನು 2020ರ ಕೋವಿಡ್ ಕಾಲ ನಮಗೆ ತೋರಿಸಿತು. ಆ ವರ್ಷದ ಜೂನ್‌ನಲ್ಲಿ ಸರ್ಕಾರವು ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಯೋಜನೆ ಬಂದಿತು. ಸರ್ಕಾರಿ ಶಾಲೆಯ ಶಿಕ್ಷಕರು ತಮ್ಮ ಮಕ್ಕಳನ್ನು ಮೂರು ಗುಂಪಾಗಿ ವಿಂಗಡಿಸಿದರು: ಇಂಟರ್‌ನೆಟ್ ಇರುವ ಫೋನಿನವರು, ಬರಿಯ ಮಾತಿನ ಫೋನಿನವರು, ಯಾವ ಫೋನೂ ಇಲ್ಲದವರು. ಮೂರನೆಯ ಗುಂಪಿನ ಮಕ್ಕಳನ್ನು ಶಿಕ್ಷಕರು ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆಡಳಿತದ ದೋಷ ಏನೇ ಇರಲಿ, ಯಾರ ಕೈಯಲ್ಲಿ ಏನಿದೆಯೆಂದು ಮೊದಲು ಎಣಿಸಿ, ಆಮೇಲೆ ಪಾಠವನ್ನು ಯೋಚಿಸಿದ ಆ ಕ್ರಮವನ್ನು ನಾವು ಮೆಚ್ಚುತ್ತೇವೆ.

ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಕುಟುಂಬಗಳಿವೆ. ನಮ್ಮ ಅಪಾರ್ಟ್‌ಮೆಂಟುಗಳ ಕಾವಲುಗಾರರ ಮಕ್ಕಳಿದ್ದಾರೆ. ನಮ್ಮ ಮಕ್ಕಳಿಗೆ ಇಲ್ಲದ ಒಂದು ಅನುಕೂಲ ಅವರಿಗಿದೆ: ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮ. ನಮ್ಮ ಮಕ್ಕಳಿಗೆ ಇರುವ ಒಂದು ಅನುಕೂಲ ಅವರಿಗಿಲ್ಲ: ಸಂಜೆ ಓದನ್ನು ಕೇಳಲು ಬಿಡುವಾಗಿರುವ ಹಿರಿಯರು. ಹೊಸ ಮಾದರಿ ಬಂದಿತೆಂದು ಮೂಲೆಗಿಟ್ಟ ಹಳೆಯ ಫೋನು ನಮ್ಮಲ್ಲಿ ಮನೆಗೊಂದಾದರೂ ಇದೆ. ಅದರಲ್ಲಿರುವ ಸ್ವಂತ ಮಾಹಿತಿಯನ್ನೆಲ್ಲ ಅಳಿಸಿ, ಸಿಮ್ ತೆಗೆದು, ಐವತ್ತು ಕಥೆಗಳನ್ನೂ ನೂರು ವಚನಗಳನ್ನೂ ತುಂಬಿ ಕೊಟ್ಟರೆ ದಾಸೋಹವೇ ಸರಿ. ಆದರೆ ಫೋನು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ವಾರಕ್ಕೆ ಎರಡು ಸಂಜೆ ಕಟ್ಟಡದ ಕೆಳಗಿನ ಅಂಗಳದಲ್ಲಿ ನಮ್ಮ ಮಕ್ಕಳನ್ನೂ ಆ ಮಕ್ಕಳನ್ನೂ ಒಟ್ಟಿಗೆ ಕೂರಿಸಿ, ಸರದಿಯಂತೆ ಓದಿಸಿ, ನಿವೃತ್ತರಾದ ಹಿರಿಯರು ಕೇಳಬೇಕು. ಕನ್ನಡ ಮಾಧ್ಯಮದ ಆ ಮಕ್ಕಳು ನಮ್ಮ ಮಕ್ಕಳ ಓದನ್ನು ತಿದ್ದುವ ಪ್ರಸಂಗವೂ ಬಂದೀತು, ಬರಲಿ.

ಸಮಯವನ್ನು ಗೊತ್ತುಮಾಡುವಾಗ ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಆ ಮನೆಗಳಲ್ಲಿ ಇರುವ ಒಂದೇ ಫೋನು ಬೆಳಗ್ಗೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗಿ ರಾತ್ರಿ ಎಂಟರ ಮೇಲೆ ಮರಳುತ್ತದೆ. ಮರುದಿನ ಬೆಳಗಿನವರೆಗೆ ಅದಕ್ಕೆ ವಿದ್ಯುತ್ ತುಂಬಿಸಬೇಕು. ನಮ್ಮಿಂದ ಹೋದ ಹಳೆಯ ಫೋನು ಆ ಮಕ್ಕಳಿಗೆ ಬೇಕಾಗುವುದು ಸಂಜೆ ಆರರಿಂದ ಎಂಟರವರೆಗೆ.