ಚಹಾ ಸಿಗತದ, ಕೆಲಸ ಸಿಗೂದಿಲ್ಲ!

ಹುಬ್ಬಳ್ಳಿ: ದುರ್ಗದ ಬೈಲಿನ ಆಸುಪಾಸಿನ ಅಂಗಡಿಗಳ ಬಾಗಿಲಲ್ಲಿ ಒಂದು ಬೋರ್ಡು ವರ್ಷದ ಹನ್ನೆರಡೂ ತಿಂಗಳು ತೂಗಾಡುತ್ತಿರುತ್ತದೆ: 'ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ'. ದೀಪಾವಳಿ ಹತ್ತಿರ ಬಂತೆಂದರೆ ಅದರ ಕೆಳಗೆ 'ತುರ್ತಾಗಿ' ಎಂಬ ಚೀಟಿಯೂ ಅಂಟಿಕೊಳ್ಳುತ್ತದೆ. ಹುಡುಗರು ನಿಲ್ಲೂದಿಲ್ಲ, ಮುಂಗಡ ಇಸಕೊಂಡು ಮಾಯ ಆಗ್ತಾರ ಎಂದು ಸಾಹುಕಾರರ ಗೋಳು. ಇಂಥ ಒಂದು ಬೋರ್ಡು ನೋಡಿ ತಾಯಿಯೊಬ್ಬಳು ಕಿವಿ ಕೇಳದ ಮಗನನ್ನು ಕರಕೊಂಡು ಅಂಗಡಿಯ ಮೆಟ್ಟಿಲು ಹತ್ತಿದಳು ಅಂತಿಟ್ಟುಕೊಳ್ಳಿ. ಮುಂದಿನದು ಎಲ್ಲರೂ ಕಂಡದ್ದೇ.

"ಏನ್ ಹೆಸರ್ರೀ ಇವಂದು?" ಕೇಳಿದ್ದು ತಾಯಿಯನ್ನು.

"ಎಷ್ಟು ಕಲ್ತಾನ?" ಅದೂ ತಾಯಿಗೇ.

"ಎಸ್ಸೆಸ್ಸೆಲ್ಸಿ ಪಾಸ್ ಆಗ್ಯಾನ್ರೀ ಅಣ್ಣಾರ. ಲೆಕ್ಕಾ ಭಾಳ ಚಲೋ ಮಾಡ್ತಾನ್ರೀ."

"ಅಯ್ಯೋ ಪಾಪ! ಕುಂದರ್ರಿ ಅಕ್ಕಾರ, ಚಾ ತರಸ್ತೀನಿ. ಕೆಲಸದ್ದು ಮುಂದ ನೋಡೂಣಂತ."

ಚಹಾ ಬರುತ್ತದೆ. 'ಮುಂದ' ಬರುವುದಿಲ್ಲ. ಹುಡುಗ ಬಂದು ಹೋದದ್ದೂ ಆಯಿತು, ಅವನ ಕಡೆ ಒಂದು ಪ್ರಶ್ನೆಯೂ ಹೋಗಲಿಲ್ಲ.

ಸಾಹುಕಾರರು ಕೆಟ್ಟವರಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸಿದವರೂ ಅಲ್ಲ. ಆದರೆ ಹೊಟ್ಟೆಗೆ ಹತ್ತು ರೂಪಾಯಿ ಕೊಡುವ ಅದೇ ಕೈ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಲು ಹಿಂಜರಿಯುತ್ತದೆ. ಗಿರಾಕಿ ಏನಂದಾರು, ಗಲ್ಲೆ ಏನಾದೀತು, ನಾಳೆ ಬಿಡಿಸಬೇಕಾದರೆ ಪಾಪ ಯಾರು ಕಟ್ಟಿಕೊಳ್ಳೋರು: ಹೀಗೆ ನೂರು ಯೋಚನೆ.

ಇದು ಒಂದೂರಿನ ಮಾತಲ್ಲ. 2011ರ ಜನಗಣತಿಯಲ್ಲಿ ದೇಶದ ವಿಕಲಚೇತನರು 2.68 ಕೋಟಿ. ಅವರಲ್ಲಿ ದುಡಿಯುವವರೆಂದು ಬರೆಸಿದವರು ನೂರಕ್ಕೆ 36 ಮಂದಿ. ನಮ್ಮ ರಾಜ್ಯದ ಪಾಲು 13 ಲಕ್ಷಕ್ಕೂ ಮೇಲೆ. ಆಮೇಲೆ ಗಣತಿಯ ಲೆಕ್ಕ ಬಂದಿಲ್ಲ, ಹೆಸರು ಮಾತ್ರ ಬದಲಾಗುತ್ತ ಬಂದಿದೆ. ಮೊದಲು ಅಂಗವಿಕಲರು ಅಂದರು, ಬೆಂಗಳೂರಿನವರು ವಿಕಲಚೇತನರು ಅಂದರು, ದಿಲ್ಲಿಯವರು ದಿವ್ಯಾಂಗರು ಅಂದರು. ಬೋರ್ಡು ಬರೆಯುವ ಪೇಂಟರನಿಗೆ ಮಾತ್ರ ಕೆಲಸ ಸಿಕ್ಕಿತು.

ತರಬೇತಿ ಅಂದರೇನು?

ತರಬೇತಿ ಕೇಂದ್ರಗಳಿಗೆ ಬರವಿಲ್ಲ. ಮೇಣದ ಬತ್ತಿ, ಊದುಬತ್ತಿ, ಕವರು ಅಂಟಿಸುವುದು, ಹೊಲಿಗೆ. ಒಂದು ಸರ್ಟಿಫಿಕೇಟು ಮುಗಿದರೆ ಇನ್ನೊಂದು. ಹುಡುಗನಿಗೆ ವಯಸ್ಸು ಮೂವತ್ತಾದರೂ ಆತ 'ತರಬೇತಿ'ಯಲ್ಲೇ ಇರುತ್ತಾನೆ. ಸಂತೆಯಲ್ಲಿ ಆ ಮೇಣದ ಬತ್ತಿ ಕೊಳ್ಳುವವರಿದ್ದಾರೋ ಇಲ್ಲವೋ ಯಾರೂ ಕೇಳುವುದಿಲ್ಲ.

ಇದಕ್ಕೆ ಬೇರೆ ದಾರಿ ಹಿಡಿದವರೂ ಉಂಟು. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಸಂಸ್ಥೆ ತೋಟಗಾರಿಕೆ ಕಲಿಸುತ್ತ ಬಂತು. 1997ರಲ್ಲಿ ಹುಟ್ಟಿದ ಸಮರ್ಥನಂ, 1999ರಲ್ಲಿ ಹುಟ್ಟಿದ ಎನೇಬಲ್ ಇಂಡಿಯಾ, ಇವು ಕಂಪ್ಯೂಟರ್, ಮಾತುಗಾರಿಕೆ, ಸಂದರ್ಶನ ಎದುರಿಸುವ ಬಗೆ ಕಲಿಸಿ ಕಂಪನಿಗಳ ಬಾಗಿಲು ಬಡಿದವು.

ಇಂಥ ಕಡೆ ನಿಜವಾಗಿ ಹೇಳಿಕೊಡುವುದೇನು? ಕೇಳಿದರೆ 'ಇಷ್ಟೇನಾ' ಅನ್ನಿಸೀತು. ಒಬ್ಬನೇ ಬಸ್ಸು ಹತ್ತಿ ಹತ್ತು ನಿಮಿಷ ಮೊದಲೇ ಬರುವುದು. ರಜೆ ಬೇಕಾದರೆ ಅವ್ವನ ಕೈಲಿ ಫೋನು ಮಾಡಿಸದೆ ತಾನೇ ಕೇಳುವುದು. ತಪ್ಪಾದರೆ ಮುಚ್ಚಿಡದೆ ಹೇಳುವುದು. ತನಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳುವುದು: 'ನನ್ನ ಎದುರಿಗೆ ನಿಂತು ಮಾತಾಡ್ರಿ', 'ಸ್ಟೂಲು ಕೊಡ್ರಿ, ನಿಂತು ಕೆಲಸ ಆಗೂದಿಲ್ಲ'. ಎಲ್ಲಕ್ಕಿಂತ ಕಷ್ಟದ ಪಾಠ ಅಂದರೆ 'ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ' ಅನ್ನುವುದು. ಹುಟ್ಟಿದಾಗಿನಿಂದ ಎಲ್ಲದಕ್ಕೂ ತಲೆ ಅಲ್ಲಾಡಿಸಿ ರೂಢಿಯಾದ ಹುಡುಗ ಸಾಹುಕಾರರ ಮುಂದೆಯೂ 'ಹೂಂ' ಅನ್ನುತ್ತಾನೆ. ಗೋಡೌನಿಗೆ ಹೋಗಿ ಸಕ್ಕರೆ ಬದಲು ರವೆ ತರುತ್ತಾನೆ. 'ನೋಡ್ರಿ, ಹೇಳಿದ್ನೆಲ್ಲೋ ಆಗೂದಿಲ್ಲಂತ' ಎಂದು ಅವತ್ತೇ ತೀರ್ಪು.

ತಾಯಿಯನ್ನು ಹೊರಗೆ ಕೂರಿಸುವುದೂ ಈ ತರಬೇತಿಯ ಒಂದು ಭಾಗ. ಇಪ್ಪತ್ತು ವರ್ಷ ಮಗನ ಬಾಯಾಗಿ ಬದುಕಿದವಳಿಗೆ ಇದು ಸುಲಭವಲ್ಲ. ಆಕೆಗಿರುವುದು ಒಂದೇ ಚಿಂತೆ: ನನ್ನ ಹಿಂದ ಇಂವಂಗ್ಯಾರು? ಅದೇ ಚಿಂತೆಗೆ ಆಕೆ ಅವನನ್ನು ಮನೆಯಲ್ಲಿ ಇಟ್ಟುಕೊಂಡಿರುವುದು, ಅದೇ ಚಿಂತೆಗೆ ಅವನನ್ನು ಹೊರಗೆ ಕಳಿಸಬೇಕಾದದ್ದು.

ಗಲ್ಲೆಯ ಈಚೆಗೂ ಪಾಠ

ಇಲ್ಲಿವರೆಗಿನದು ಹುಡುಗನ ಪಾಲಿನ ಪಾಠ. ಸಾಹುಕಾರರ ಪಾಲಿನದು ಯಾವ ತರಬೇತಿ ಕೇಂದ್ರದ ಪಟ್ಟಿಯಲ್ಲೂ ಅಷ್ಟಾಗಿ ಕಾಣುವುದಿಲ್ಲ. ಮಾತು ಅನ್ನೋದು ಇಬ್ಬರ ವ್ಯಾಪಾರ, ಒಬ್ಬನೇ ಕಲಿತರೆ ತಕ್ಕಡಿ ಏಳುವುದಿಲ್ಲ.

ಕಿವಿ ಕೇಳದವನ ಮಾತನ್ನೇ ತೆಗೆದುಕೊಳ್ಳಿ. ತುಟಿ ನೋಡಿ ಎಲ್ಲ ತಿಳಕೊಳ್ಳುತ್ತಾನೆ ಎಂಬುದು ಜನರ ನಂಬಿಕೆ. ಕನ್ನಡಿಯ ಮುಂದೆ ನಿಂತು, ದನಿ ತೆಗೆಯದೆ, 'ಮಾವು' ಅನ್ನಿ, 'ಪಾವು' ಅನ್ನಿ. ತುಟಿಯ ಮೇಲೆ ಎರಡೂ ಒಂದೇ. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿಯೇ ತೆರೆಯಬೇಕು. ಇನ್ನು ಸಾಹುಕಾರರ ಬಾಯಲ್ಲಿ ಎಲಡಿಕೆ ಬೇರೆ. ಗಿರಾಕಿಯ ಕಡೆ ಮುಖ ಮಾಡಿ ಹುಡುಗನಿಗೆ ಬೆನ್ನು ಕೊಟ್ಟು ಆರ್ಡರು ಹೇಳಿದರೆ ಅವನೇನು ಬೆನ್ನು ಓದಬೇಕೇ? ಗಲ್ಲೆಯ ಪಕ್ಕ ಒಂದು ಪಾಟಿ, ಒಂದು ಬಳಪ ಇಟ್ಟರೆ ಅರ್ಧ ತೊಂದರೆ ಮುಗಿಯಿತು. ಮೊಬೈಲಿನಲ್ಲಿ ಬರೆದು ತೋರಿಸಿದರೂ ಆಯಿತು.

ಅವನ ಅರ್ಜಿ ನೋಡಿ ನಗುವವರೂ ಇದ್ದಾರೆ. ವಿಭಕ್ತಿ ಇಲ್ಲ, ಕ್ರಿಯಾಪದ ಎಲ್ಲೋ, ಕರ್ತೃ ಎಲ್ಲೋ. ಹುಟ್ಟು ಕಿವುಡನಿಗೆ ಬರವಣಿಗೆಯ ಕನ್ನಡ ಕಿವಿಯಿಂದ ಬಂದದ್ದಲ್ಲ. ಅವನ ಮೊದಲ ಭಾಷೆ ಸನ್ನೆ, ಅದಕ್ಕೆ ಅದರದೇ ವ್ಯಾಕರಣ. 'ಏನು', 'ಎಲ್ಲಿ' ಎಂಬ ಪ್ರಶ್ನೆ ಅಲ್ಲಿ ವಾಕ್ಯದ ಕೊನೆಗೆ ಬರುತ್ತದೆ. ಭಾರತೀಯ ಸನ್ನೆ ಭಾಷೆಗೆಂದೇ ದಿಲ್ಲಿಯಲ್ಲಿ 2015ರಲ್ಲಿ ಸಂಸ್ಥೆ ಆಗಿದೆ, 2021ರ ಹೊತ್ತಿಗೆ ಅದರ ನಿಘಂಟಿನಲ್ಲಿ ಹತ್ತು ಸಾವಿರ ಪದ ಸೇರಿದ್ದವು. ಅಂಗಡಿಗೆ ಹತ್ತು ಸಾವಿರ ಬೇಡ. ಬಾ, ತಾ, ಎಷ್ಟು, ಸಾಕು, ಸರಿ, ತಪ್ಪು: ಇಪ್ಪತ್ತು ಸನ್ನೆ ಒಂದು ವಾರದಲ್ಲಿ ಬಂದಾವು. ಕಲಿಸುವ ಮಾಸ್ತರು ಅದೇ ಹುಡುಗ, ಫೀಸಿಲ್ಲ.

ಕಣ್ಣು ಕಾಣದವನು ಗಲ್ಲೆಯಲ್ಲಿ ಕೂತರೆ? 'ಏ, ನೋಟು ಹ್ಯಾಂಗ ಗುರುತು ಹಿಡೀತಾನ್ರೀ!' ಎಂದು ಹುಬ್ಬೇರಿಸುವ ವ್ಯಾಪಾರಸ್ಥರು ಗಲ್ಲೆಯಿಂದಲೇ ನೋಟು ತೆಗೆದು ನೋಡಬಹುದು. ಹೊಸ ನಮೂನೆಯ ನೂರರ ನೋಟು 142 ಮಿಲಿಮೀಟರ್ ಉದ್ದ, ಇನ್ನೂರರದು 146, ಐನೂರರದು 150. ನೂರರ ನೋಟಿನ ಎರಡೂ ಅಂಚಿಗೆ ನಾಲ್ಕು ಉಬ್ಬು ಗೆರೆ, ಐನೂರಕ್ಕೆ ಐದು, ಇನ್ನೂರಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸೊನ್ನೆ. ನೋಟು ಹಳತಾದಂತೆ ಉಬ್ಬು ಸವೆಯುತ್ತದೆ, ನಾಲ್ಕು ಮಿಲಿಮೀಟರಿನ ವ್ಯತ್ಯಾಸ ಗಡಿಬಿಡಿಯಲ್ಲಿ ಬೆರಳಿಗೆ ಸಿಗುವುದೂ ಕಷ್ಟ. ಅದಕ್ಕೇ ತರಬೇತಿ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ನೋಟು ಗುರುತಿಸಿ ಹೇಳುವ ಮೊಬೈಲ್ ಆಪ್ ಒಂದನ್ನೂ ಬಿಟ್ಟಿದೆ. ಇನ್ನು, ಗಿರಾಕಿ ಸ್ಕ್ಯಾನ್ ಮಾಡಿದ ಕೂಡಲೇ 'ಇಷ್ಟು ರೂಪಾಯಿ ಬಂತು' ಎಂದು ಕೂಗುವ ಡಬ್ಬಿ ಈಗ ಪಾನ್ ಅಂಗಡಿಯಲ್ಲೂ ಕೂತಿದೆ. ಕಣ್ಣಿದ್ದವರ ಅನುಕೂಲಕ್ಕೆ ಬಂದದ್ದು, ಕಣ್ಣಿಲ್ಲದವನನ್ನು ಗಲ್ಲೆಯಲ್ಲಿ ಕೂರಿಸಲು ಅದಕ್ಕಿಂತ ಒಳ್ಳೆ ಸಾಧನ ಇನ್ನೇನು ಬೇಕು?

ಬುದ್ಧಿ ನಿಧಾನವಾಗಿ ಓಡುವ ಮಕ್ಕಳ ಮಾತು ಬೇರೆ. ಅವರಿಗೆ 'ಅಂಗಡಿ ಸ್ವಚ್ಛ ಮಾಡು' ಅಂದರೆ ಆಗಲಿಲ್ಲ. ಮೊದಲು ಕಸ ಗುಡಿಸು, ಆಮೇಲೆ ಡಬ್ಬಿ ಒರೆಸು, ಆಮೇಲೆ ನೀರು ತುಂಬು: ಒಂದು ಮುಗಿದ ಮೇಲೆ ಒಂದು. ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿದರೆ ಇನ್ನೂ ಚಲೋ. ಚೆನ್ನಾಗಿ ನಡೆಯುವ ಸಂಸ್ಥೆಗಳಲ್ಲಿ ಮೊದಲ ಕೆಲವು ವಾರ ತರಬೇತುದಾರರೇ ಜೊತೆಗೆ ಬಂದು ಕೆಲಸದ ಜಾಗದಲ್ಲೇ ನಿಂತು ಹೇಳಿಕೊಡುತ್ತಾರೆ, ನಿಧಾನಕ್ಕೆ ಹಿಂದೆ ಸರಿಯುತ್ತಾರೆ.

ನಂಬಿಕೆ ಬರದಿದ್ದವರು ದೂರ ಹೋಗಬೇಕಿಲ್ಲ. 2017ರಲ್ಲಿ ಇದೇ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಬಿ.ವಿ.ಬಿ. ಕಾಲೇಜಿನ ಆವರಣದಲ್ಲಿ, ಅಲೀನಾ ಆಲಂ ಎಂಬ ತರುಣಿ 'ಮಿಟ್ಟಿ ಕೆಫೆ' ಎಂಬ ಚಹಾ ತಿಂಡಿ ಅಂಗಡಿ ತೆರೆದರು. ಮಾಡುವವರು, ಬಡಿಸುವವರು, ದುಡ್ಡು ತೆಗೆದುಕೊಳ್ಳುವವರು ಎಲ್ಲ ವಿಕಲಚೇತನರೇ. ಇಂಜಿನಿಯರಿಂಗ್ ಹುಡುಗರು ಮೊದಮೊದಲು ಕುತೂಹಲಕ್ಕೆ ಬಂದಿರಬಹುದು, ಹಸಿವಿಗೆ ಬಂದದ್ದು ಆಮೇಲೆ. ಹುಬ್ಬಳ್ಳಿಯಲ್ಲಿ ಬೇರು ಬಿಟ್ಟ ಆ ಅಂಗಡಿಯ ಒಂದು ಕವಲು 2023ರ ನವೆಂಬರಿನಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟಿನ ಆವರಣದಲ್ಲೇ ತೆರೆಯಿತು, ಮುಖ್ಯ ನ್ಯಾಯಮೂರ್ತಿಗಳೇ ಉದ್ಘಾಟಿಸಿದರು. ನಮ್ಮೂರ ಮಾರ್ಕೆಟ್ಟಿನ ಮಂದಿಗೆ ಈ ಸುದ್ದಿ ಮುಟ್ಟಿದಂತಿಲ್ಲ.

ಕಾನೂನು ಎಲ್ಲಿದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 21 ಬಗೆಯ ವೈಕಲ್ಯ ಅದರಲ್ಲಿ ಸೇರಿದೆ. ನೂರಕ್ಕೆ 40ಕ್ಕೆ ಕಡಿಮೆ ಇಲ್ಲದ ವೈಕಲ್ಯ ಇದ್ದವರಿಗೆ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 4 ಮೀಸಲು. ಖಾಸಗಿಯವರಿಗೆ ಒತ್ತಾಯವಿಲ್ಲ, ಕೆಲಸಗಾರರಲ್ಲಿ ನೂರಕ್ಕೆ 5 ಮಂದಿಯಾದರೂ ಇಂಥವರು ಇರುವಂತೆ ಸರಕಾರ ಪ್ರೋತ್ಸಾಹ ಕೊಡಬೇಕೆಂದಷ್ಟೇ ಇದೆ. ನಾಲ್ಕು ಜನ ದುಡಿಯುವ ಕಿರಾಣಿ ಅಂಗಡಿಗೆ ನೂರಕ್ಕೆ 5ರ ಲೆಕ್ಕ ಹಾಕುವುದು ಹೇಗೆ? ಕಾನೂನಿನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ಊರಿನ ಕೆಲಸಗಳು ಬಹುಪಾಲು ಇರುವುದೋ ಅಲ್ಲೇ.

ಹಾಗೆ ನೋಡಿದರೆ ಅಂಗಡಿಗೆ ಬಂದು ಮುಟ್ಟುವುದೇ ಒಂದು ಪರೀಕ್ಷೆ. ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸಿನ ಬಾಗಿಲು ನಿಲ್ದಾಣದ ಕಟ್ಟೆಗೆ ಸಮನಾಗಿ ನಿಲ್ಲುತ್ತದೆ, ಗಾಲಿಕುರ್ಚಿ ಒಳಗೆ ಉರುಳುತ್ತದೆ. ಅದರಿಂದ ಇಳಿದು ಹಳ್ಳಿಯ ಕೆಂಪು ಬಸ್ಸು ಹತ್ತಬೇಕಾದರೆ ಮೊಳಕಾಲೆತ್ತರದ ಮೆಟ್ಟಿಲು. ಸಾರಿಗೆ ಸಂಸ್ಥೆ ವಿಕಲಚೇತನರಿಗೆ ಮನೆಯಿಂದ 100 ಕಿಲೋಮೀಟರಿನ ಒಳಗೆ ಓಡಾಡಲು ರಿಯಾಯಿತಿ ಪಾಸು ಕೊಡುತ್ತದೆ. ಪಾಸಿದ್ದರೇನು, 'ಲಗೂ ಹತ್ತೋ ಮಾರಾಯಾ' ಅನ್ನುವ ಹಿಂದಿನವರು, ಮೀಸಲು ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ನಿದ್ದೆ ನಟಿಸುವ ಮುಂದಿನವರು ಇದ್ದೇ ಇದ್ದಾರೆ. ಒಂಬತ್ತಕ್ಕೆ ಬರಬೇಕಾದ ಹುಡುಗ ಒಂಬತ್ತೂವರೆಗೆ ಬಂದರೆ ಆ ಅರ್ಧ ತಾಸಿನಲ್ಲಿ ಎಷ್ಟು ಜನರ ಪಾಲಿದೆ ಅಂತ ಸಾಹುಕಾರರಿಗೆ ಗೊತ್ತಾಗುವುದು ಹೇಗೆ?

ದೀಪಾವಳಿಗೆ ಹುಡುಗರು ಬೇಕೆನ್ನುವವರು ಕೇಳಬೇಕಾದ ಜಾಗವೂ ದೂರವಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂದು ಇರುತ್ತಾರೆ. ಅವರಲ್ಲೂ ಬಹಳ ಮಂದಿ ವಿಕಲಚೇತನರೇ. ಯಾವ ಓಣಿಯಲ್ಲಿ ಯಾರ ಮಗ, ಯಾರ ಮಗಳು, ಎಷ್ಟು ಓದಿ ಮನೆಯಲ್ಲಿ ಕೂತಿದ್ದಾರೆಂದು ಅವರಿಗೆ ಬಾಯಿಪಾಠ. ಮಾಸಾಶನದ ಅರ್ಜಿ ಹಿಡಿದು ಅವರ ಹತ್ತಿರ ಹೋಗುವವರ ಸಾಲು ದಿನವೂ ಇರುತ್ತದೆ. 'ನನ್ನ ಅಂಗಡ್ಯಾಗ ಒಂದು ಜಾಗಾ ಅದ, ಯಾರರೆ ಅದಾರೇನ್ರಿ?' ಎಂದು ಕೇಳಿಕೊಂಡು ಹೋಗುವವರು ಮಾತ್ರ ಅಪರೂಪ.